ಮಕ್ಕಳಿಗಾಗಿ ಒಂದು ತೋಟ: ಮಲಾವಿಯಲ್ಲಿ ಎರಡು ವರ್ಷ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಓದು ಮುಗಿಸಿ ವಿದೇಶಕ್ಕೆ ಹೋಗಬೇಕೆಂಬ ಆಸೆ ನಿಮ್ಮಲ್ಲಿ ಅನೇಕರಿಗಿದೆ. ದುಡಿಯಲು ಕೊಲ್ಲಿ ರಾಷ್ಟ್ರಗಳಿಗೆ ಹೋದವರು ನಮ್ಮ ಮೊಹಲ್ಲಾಗಳಲ್ಲಿ ಬಹಳ ಮಂದಿ. ಸೇವೆಗೆಂದು ಹೋದವರು ಕಡಿಮೆ. ಕೃಷಿ ಪದವಿ ಪಡೆದ ನಾನು 2012ರಲ್ಲಿ ಆಫ್ರಿಕಾದ ಮಲಾವಿ ದೇಶಕ್ಕೆ ಸ್ವಯಂಸೇವಕನಾಗಿ ಹೋಗಿ ಎರಡು ವರ್ಷ ಇದ್ದೆ. ಅಲ್ಲಿ ನಾನು ಮಾಡಿದ ಒಂದು ತಪ್ಪನ್ನೂ, ಅದನ್ನು ತಿದ್ದಿದ ತಾಯಂದಿರನ್ನೂ ಕುರಿತು ಇಂದು ನಿಮಗೆ ಹೇಳುತ್ತೇನೆ.

ನಾನಿದ್ದ ಹಳ್ಳಿ ಮಲಾವಿ ಸರೋವರದ ದಕ್ಷಿಣ ತುದಿಯ ಮಂಗೋಚಿ ಜಿಲ್ಲೆಯಲ್ಲಿತ್ತು. ಅಲ್ಲಿನ ಯಾವೊ ಜನರಲ್ಲಿ ಹೆಚ್ಚಿನವರು ಮುಸ್ಲಿಮರು. ಸಲಾಮಿಗೆ ಸಲಾಮ್ ಸಿಕ್ಕಿತು. ಆದರೆ ಮಾತು ಅಲ್ಲಿಂದ ಮುಂದೆ ಹೋಗಲಿಲ್ಲ. ಭಾರತೀಯ ಮೂಲದ ವ್ಯಾಪಾರಿಗಳು ಆ ದೇಶದಲ್ಲಿ ತಲೆಮಾರುಗಳಿಂದ ಇದ್ದಾರೆ. ಆದ್ದರಿಂದ ನೀವು ಅಂಗಡಿ ಎಲ್ಲಿ ತೆರೆಯುತ್ತೀರಿ ಎಂದೇ ಜನ ನನ್ನನ್ನು ಕೇಳಿದರು. ಚಿಚೆವಾ ಭಾಷೆಯಲ್ಲಿ 'ಮುಲಿ ಬ್ವಾಂಜಿ' ಎಂದು ಕ್ಷೇಮ ವಿಚಾರಿಸದೆ ಕೆಲಸದ ಮಾತೆತ್ತಬಾರದು ಎಂಬುದು ನಾನು ಕಲಿತ ಮೊದಲ ಪಾಠ. ಅವರ ಊಟ ಎನ್ಸಿಮಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಜೊತೆಗೆ ಸೊಪ್ಪು, ಕಾಳು ಅಥವಾ ಸರೋವರದ ಮೀನು. ರಾಗಿ ಮುದ್ದೆ ಉಂಡು ಬೆಳೆದ ನನಗೆ ಅದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಲ್ಲಿನ ಮೊದಲ ಈದ್. ಅಂದು ನೆರೆಮನೆಯ ಅಜ್ಜಿ ಕರೆದು ತಮ್ಮ ಮಕ್ಕಳ ತಟ್ಟೆಯಲ್ಲೇ ಪಾಲು ಕೊಟ್ಟರು. ಅಂದಿನಿಂದ ಆ ಊರು ನನಗೆ ಪರವೂರು ಅನಿಸಲಿಲ್ಲ.

ಮಲಾವಿಯಲ್ಲಿ ಮಳೆ ಬೀಳುವುದು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಹೆಚ್ಚಿನ ರೈತರಿಗೆ ವರ್ಷಕ್ಕೊಂದೇ ಜೋಳದ ಬೆಳೆ. ಜನವರಿ, ಫೆಬ್ರವರಿ ಹೊತ್ತಿಗೆ ಕಣಜ ಬರಿದಾಗುತ್ತದೆ. ಹೊಸ ಬೆಳೆ ಇನ್ನೂ ಹೊಲದಲ್ಲೇ ಇರುತ್ತದೆ. ಹೊಲ ಹಸಿರಾಗಿರುವಾಗಲೇ ಮಕ್ಕಳು ಹಸಿದಿರುತ್ತಾರೆ. 2001-02ರ ಬರಗಾಲವನ್ನು ಹಿರಿಯರು ಮರೆತಿರಲಿಲ್ಲ.

ಶಾಲೆಯ ಮಕ್ಕಳಿಗಾಗಿ ತೋಟ ಮಾಡುವುದು ನನಗೆ ವಹಿಸಿದ ಕೆಲಸ. ಪದವಿಯ ಹುಮ್ಮಸ್ಸಿನಲ್ಲಿ ಎಲೆಕೋಸು, ಕ್ಯಾರೆಟ್ ಪಾತಿಗಳನ್ನು ಮಾಡಿ, ಫೋಟೋ ತೆಗೆದು ಊರಿಗೂ ಕಳಿಸಿದೆ. ಅಷ್ಟರಲ್ಲಿ ಶಾಲೆಗೆ ರಜೆ ಬಂತು. ಕೈಪಂಪಿನಿಂದ ನೀರು ಹೊತ್ತು ಹಾಕುವವರಿಲ್ಲದೆ ಪಾತಿಗಳು ಒಣಗಿದವು. ಉಳಿದದ್ದನ್ನು ಆಡುಗಳು ತಿಂದವು. ಶಾಲೆಯಲ್ಲಿ ಗಂಜಿ ಬೇಯಿಸುತ್ತಿದ್ದ ತಾಯಿಯೊಬ್ಬರು ಮೆಲ್ಲನೆ, "ನಮ್ಮನ್ನು ಏಕೆ ಕೇಳಲಿಲ್ಲ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮಳೆಗೆ ಮುನ್ನ ತಾಯಂದಿರನ್ನೆಲ್ಲ ಮರದಡಿ ಕೂರಿಸಿ ಕೇಳಿದೆ. ಮೊದಲ ಮಳೆಗೆ ಜೋಳದ ನಡುವೆ ಕುಂಬಳ ಹಾಕಿ ಎಂದರು. ಅದರ ಎಳೆ ಸೊಪ್ಪನ್ನು ಕಡಲೆಕಾಯಿ ಪುಡಿ ಹಾಕಿ ಬೇಯಿಸಿದರೆ ಹಸಿವಿನ ತಿಂಗಳಿಗೆ ಅದೇ ಆಸರೆ. ನಾನು ಸೇರಿಸಿದ್ದು ಒಂದನ್ನೇ, ಕಿತ್ತಳೆ ಬಣ್ಣದ ತಿರುಳಿನ ಸಿಹಿಗೆಣಸು. ಎ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಇರುಳುಗುರುಡು ಬರುತ್ತದೆ. ಈ ಗೆಣಸು ಸುಮಾರು 125 ಗ್ರಾಂ ತಿಂದರೆ ಚಿಕ್ಕ ಮಗುವಿಗೆ ಆ ದಿನಕ್ಕೆ ಬೇಕಾದ ಎ ಜೀವಸತ್ವ ಸಿಗುತ್ತದೆ. ಆಫ್ರಿಕಾದಲ್ಲಿ ಇದನ್ನು ಹರಡಿದ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ ಮತ್ತು ಜ್ಯಾನ್ ಲೋ ಅವರು 2016ರ ವಿಶ್ವ ಆಹಾರ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಆದರೆ ಗೆಣಸನ್ನು ನೆಡುವುದು ಬೀಜದಿಂದಲ್ಲ, ಬಳ್ಳಿಯ ತುಂಡಿನಿಂದ. ಬೇಸಿಗೆಯಲ್ಲಿ ಬಳ್ಳಿ ಸತ್ತರೆ ಮರುವರ್ಷ ನೆಡಲು ಏನೂ ಇರುವುದಿಲ್ಲ. ಇದಕ್ಕೂ ದಾರಿ ತೋರಿಸಿದವರು ತಾಯಂದಿರೇ. ಹಳ್ಳದ ಬದಿಯ ತೇವದ ನೆಲಕ್ಕೆ ಅಲ್ಲಿ 'ಡಿಂಬಾ' ಎನ್ನುತ್ತಾರೆ. ಐದಾರು ಮನೆಯವರು ತಮ್ಮ ಡಿಂಬಾದಲ್ಲಿ ಒಂದೊಂದು ಸಾಲು ಬಳ್ಳಿಯನ್ನು ಉಳಿಸಿಕೊಂಡರು. 2013ರ ಮಳೆ ಬಂದಾಗ ಬಳ್ಳಿಯ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ಶಾಲೆಗೆ ತಂದರು. ನಾನು ಯಾರನ್ನೂ ಕರೆದಿರಲಿಲ್ಲ. ಆ ದಿನವೇ ನನ್ನ ಕೆಲಸ ಮುಗಿಯಿತು ಎನಿಸಿತು.

ವಿದ್ಯಾರ್ಥಿ ಮಿತ್ರರೇ, ನೆಟ್ಟ ಗಿಡದಿಂದ ಪಶುಪಕ್ಷಿ ತಿಂದರೂ ಅದು ಸದಕವೆಂದು ನಾವೆಲ್ಲ ಕಲಿತಿದ್ದೇವೆ. ಆ ಲೆಕ್ಕದಲ್ಲಿ ಆಡು ತಿಂದ ನನ್ನ ಎಲೆಕೋಸೂ ವ್ಯರ್ಥವಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತೇನೆ. ಆದರೆ ಮಕ್ಕಳಿಗೆಂದು ನೆಟ್ಟದ್ದು ಮಕ್ಕಳಿಗೇ ಸಿಗಬೇಕಲ್ಲವೇ? ನಿಮ್ಮಲ್ಲಿ ಯಾರಾದರೂ ಹೀಗೆ ಹೊರಟರೆ ಮೊದಲು ಅವರ ಭಾಷೆ ಕಲಿಯಿರಿ, ಅವರ ಒಲೆಯ ಬಳಿ ಕುಳಿತು ಉಣ್ಣಿರಿ. ನೀವು ಹಿಂತಿರುಗಿದ ಮೇಲೆ ನೀರು ಹಾಕುವವರು ಯಾರೆಂದು ತಿಳಿಯದೆ ಒಂದು ಗಿಡವನ್ನೂ ನೆಡಬೇಡಿ. ಈ ಮಾತು ಮಲಾವಿಗೆ ಮಾತ್ರವಲ್ಲ, ನಮ್ಮ ಸಂಘ ಕೈಗೆತ್ತಿಕೊಳ್ಳುವ ಪ್ರತಿಯೊಂದು ಕೆಲಸಕ್ಕೂ ಸಲ್ಲುತ್ತದೆ.