ಶಾಲಾಡಳಿತದಲ್ಲಿ ಸಮಗ್ರದೃಷ್ಟಿ



ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ ಕೂಡಿದ 350-ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಸಾರಿತು. ಹೀಗಿದ್ದೂ ನಮ್ಮ ಶಾಲೆಗಳು ಸೊರಗುವುದೇಕೆ? ಶಾಲೆಯ ಹೊಣೆ ಹೊತ್ತ ನಾವೆಲ್ಲರೂ ವಿಚಾರಿಸತಕ್ಕ ಪ್ರಶ್ನೆಯಿದು.

ಅಡಕೆಯ ಸೋಗೆ ಹಳದಿಗಟ್ಟಿದರೆ ಅನುಭವಿ ಕೃಷಿಕನು ಬರಿಯ ಗೊಬ್ಬರ ಸುರಿಯುವುದಿಲ್ಲ. ಬಸಿಗಾಲುವೆ ಮುಚ್ಚಿ ಬೇರು ಕೊಳೆಯುತ್ತಿದೆಯೇ ಎಂದೂ ನೋಡುತ್ತಾನೆ. ಶಾಲೆಯನ್ನೂ ಹಾಗೆಯೇ ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ ಲೆಕ್ಕದಂತೆ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರು ಉಪಾಧ್ಯಾಯರು, 61ರಿಂದ 90ರ ತನಕ ಮೂವರು. ಆ ಲೆಕ್ಕದಲ್ಲಿ 61 ಮಕ್ಕಳ ಶಾಲೆಯಿಂದ ಒಂದೇ ಒಂದು ಮಗು ಹೊರಟರೂ ಮೂರನೆಯ ಹುದ್ದೆ ಅಲುಗಾಡುತ್ತದೆ. ಎಲ್ಲ ತರಗತಿಗಳೂ ಇಬ್ಬರ ಹೆಗಲಿಗೆ ಬೀಳುತ್ತವೆ, ಪಾಠ ಸಡಿಲವಾಗುತ್ತದೆ, ಅದನ್ನು ಕಂಡ ತಾಯಿತಂದೆಯರು ಮತ್ತಷ್ಟು ಮಕ್ಕಳನ್ನು ಬೇರೆಡೆಗೆ ಸೇರಿಸುತ್ತಾರೆ. ಫಲವೇ ಮರಳಿ ಕಾರಣವಾಗುವ ಸುಳಿಯಿದು.

ಇಂಥ ಸುಳಿಗಳನ್ನು ಅಭ್ಯಸಿಸಿದ ಅಮೆರಿಕೆಯ ವಿದುಷಿ ಡೊನೆಲ್ಲಾ ಮೆಡೋಸ್ ಅವರು, ಅಲ್ಪ ಬದಲಾವಣೆಯಿಂದ ಇಡೀ ವ್ಯವಸ್ಥೆಯ ನಡೆಯನ್ನೇ ತಿರುಗಿಸಬಲ್ಲ ಸ್ಥಾನಗಳಿರುತ್ತವೆಂದು ವಿವರಿಸಿದ್ದಾರೆ. ನಮ್ಮ ಶಾಲೆಗಳಲ್ಲಿ ಅಂಥ ಸ್ಥಾನ ಯಾವುದು?

ಜೂನ್ ತಿಂಗಳ ಪ್ರವೇಶೋತ್ಸವ ಬೇಕು. ಆದರೆ ಅದೊಂದರಿಂದಲೇ ಸುಳಿ ನಿಲ್ಲದು. ಪ್ರೌಢಶಾಲೆಯಲ್ಲಿ ಕನ್ನಡ ಮುಂದುವರಿಯುವುದೇ ಎಂದು ಪೋಷಕರು ಮೊದಲೇ ಕೇಳುತ್ತಾರೆ. ಅಲ್ಲಿಯ ಕನ್ನಡ ವಿಭಾಗ ಇಂದು ನಿಂತಿತೆನ್ನಿ. ನಾಳೆಯೇ ಪ್ರಾಥಮಿಕ ಶಾಲೆಯ ಪ್ರವೇಶ ಕುಗ್ಗುತ್ತದೆ. ಹದಿನೈದು ವರ್ಷಗಳ ತರುವಾಯ ಕನ್ನಡದಲ್ಲಿ ಗಣಿತ, ವಿಜ್ಞಾನಗಳನ್ನು ಕಲಿಸಬಲ್ಲ ಸ್ಥಳೀಯ ಉಪಾಧ್ಯಾಯರೂ ವಿರಳರಾಗುತ್ತಾರೆ. ಕನ್ನಡ ಬಾರದವರು ಕನ್ನಡ ತರಗತಿಗೆ ನೇಮಕಗೊಂಡ ಪ್ರಸಂಗಗಳು ಈ ಜಿಲ್ಲೆಯಲ್ಲಿ ನಡೆದೇ ಇವೆ. ಹಾನಿ ಕಣ್ಣಿಗೆ ಬೀಳುವ ಹೊತ್ತಿಗೆ ಅದರ ಕಾರಣ ಮರೆತುಹೋಗಿರುತ್ತದೆ.

ಆದುದರಿಂದ ಮುಖ್ಯೋಪಾಧ್ಯಾಯರು, ವ್ಯವಸ್ಥಾಪಕರು, ಸಂಘದ ಕಾರ್ಯಕರ್ತರು ಬೇರೆಬೇರೆಯಾಗಿ ದುಡಿದರೆ ಸಾಲದು. ಅಂಗನವಾಡಿಯಿಂದ ಅಧ್ಯಾಪಕ ಶಿಕ್ಷಣದವರೆಗಿನ ಹಾದಿಯನ್ನು ಒಂದೇ ಪಟದಲ್ಲಿ ಬರೆದು, ಎಲ್ಲಿ ಮಕ್ಕಳು ಕಳಚಿಕೊಳ್ಳುತ್ತಾರೆಂದು ವರ್ಷಕ್ಕೊಮ್ಮೆ ಕೂಡಿ ನೋಡೋಣ. ಕನ್ನಡದಲ್ಲಿ ಓದಿದ ತರುಣ ತರುಣಿಯರನ್ನು ಉಪಾಧ್ಯಾಯ ವೃತ್ತಿಗೆ ಕರೆತರೋಣ. ನಾವು ಉಳಿಸಬೇಕಾದುದು ಶಾಲೆಯ ಕಟ್ಟಡವನ್ನಷ್ಟೇ ಅಲ್ಲ, ಕಲಿತವರು ಮರಳಿ ಬಂದು ಕಲಿಸುವ ಪರಂಪರೆಯನ್ನು. ಇದಕ್ಕೆ ತಾವೆಲ್ಲರೂ ಕೈಗೂಡಿಸಬೇಕೆಂದು ವಿನಂತಿಸುತ್ತೇವೆ.