ಹರೆಯದ ಮಕ್ಕಳ ನಿದ್ದೆ



“ಮಗ ರಾತ್ರಿ 11 ಗಂಟೆಯಾದರೂ ಮಲಗಲ್ಲ, ಬೆಳಿಗ್ಗೆ ಏಳಲ್ಲ ಸಿಸ್ಟರ್” ಎಂದು ತಾಯಂದಿರು ದೂರುತ್ತಾರೆ. ಇದು ಸೋಮಾರಿತನವಲ್ಲ, ತಾಯಿ. ಹರೆಯದಲ್ಲಿ ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸುತ್ತದೆ. ಮೊಬೈಲೂ ಸೇರಿದರೆ ಕೇಳುವುದೇ ಬೇಡ. ಅದಕ್ಕೇ ಅಮೆರಿಕದ ಮಕ್ಕಳ ತಜ್ಞರ ಸಂಘ 2014ರಲ್ಲಿ, ಹೈಸ್ಕೂಲು ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದು ಎಂದಿತು.

ನಮ್ಮ ಬಿ.ಜಿ. ಕೆರೆ ಕಡೆ ಸರ್ಕಾರಿ ಹೈಸ್ಕೂಲಿನ ಗಂಟೆ ಹೊಡೆಯುವುದು ಹೇಗೂ ಅದಕ್ಕಿಂತ ತಡ. ಇಲ್ಲಿ ನಿದ್ದೆ ಕದಿಯುವುದು, ಎಸ್ಸೆಸ್ಸೆಲ್ಸಿ ಎಂದು 4 ಗಂಟೆಗೇ ಎಬ್ಬಿಸುವ ನಮ್ಮ ಅಭ್ಯಾಸ. 11ಕ್ಕೆ ಮಲಗಿದವನಿಗೆ ಸಿಕ್ಕಿದ್ದು 5 ಗಂಟೆ ನಿದ್ದೆ. ಬೇಕಾದದ್ದು 8ರಿಂದ 10. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ರಾತ್ರಿ 9.30ಕ್ಕೆ ಮೊಬೈಲು ತೆಗೆದಿಡಿ, ಬೆಳಿಗ್ಗೆ 6.30ರವರೆಗೆ ಮಲಗಲು ಬಿಡಿ. ರೋಗಿಯ ಪಕ್ಕ ರಾತ್ರಿಯಿಡೀ ಕಾಯಲು ಹತ್ತನೇ ತರಗತಿಯ ಹುಡುಗನನ್ನು ಬಿಟ್ಟು ಹೋಗಬೇಡಿ, ದೊಡ್ಡವರೊಬ್ಬರು ಉಳಿಯಿರಿ.