ಆರು ಮೂಳೆ, ಒಂದು ಕಡತ



ಯುದ್ಧದಲ್ಲಿ ಕಾಣೆಯಾದ ವಿಮಾನ ಚಾಲಕರ ಅವಶೇಷಗಳನ್ನು ಹತ್ತಾರು ವರ್ಷಗಳ ಮೇಲೆ ಗುರುತು ಹಿಡಿಯುವುದು ಇಂದಿನ ವಿಷಯ. ಇದನ್ನು ಕೇಳಿದವರೆಲ್ಲ ಡಿಎನ್‌ಎ ಬಗ್ಗೆ ಹೇಳಿ ಎಂದರು. ಹೇಳುತ್ತೇನೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಕಚೇರಿಯ ಕಡತ. ಕಾಡು, ಹಿಮ, ಸಮುದ್ರಗಳು ದೇಹವನ್ನು ಬಚ್ಚಿಡುತ್ತವೆ. ಇದ್ದ ಹೆಸರನ್ನು ಅಳಿಸಿಹಾಕುವ ಕೆಲಸವನ್ನು ಮಾತ್ರ ಮನುಷ್ಯರೇ ಮಾಡುತ್ತಾರೆ. ಇದಕ್ಕೆ ನಾನು ಆರಿಸಿಕೊಂಡ ಸಾಕ್ಷಿ ಮೈಕೆಲ್ ಬ್ಲಾಸಿ.

1972ರ ಮೇ 11. ದಕ್ಷಿಣ ವಿಯೆಟ್ನಾಂನ ಅನ್ ಲಾಕ್ ಪಟ್ಟಣ ಮುತ್ತಿಗೆಯಲ್ಲಿ ಸಿಕ್ಕಿಕೊಂಡಿತ್ತು. ಅಮೆರಿಕದ ವಾಯುಪಡೆಯ ಲೆಫ್ಟಿನೆಂಟ್ ಬ್ಲಾಸಿಗೆ ಆಗ 24 ವರ್ಷ. ಅವನು ಹಾರಿಸುತ್ತಿದ್ದ ಎ-37 ಎಂಬ ಪುಟ್ಟ ದಾಳಿ ವಿಮಾನ ಗುಂಡೇಟಿಗೆ ಉರುಳಿತು. ಜಾಗ ಶತ್ರುವಿನ ಹಿಡಿತದಲ್ಲಿತ್ತು, ತಕ್ಷಣ ಹೋಗಿ ಹುಡುಕುವಂತಿರಲಿಲ್ಲ. ಐದು ತಿಂಗಳ ಮೇಲೆ ದಕ್ಷಿಣ ವಿಯೆಟ್ನಾಂ ಸೈನಿಕರ ಗಸ್ತು ತಂಡವೊಂದು ಅಲ್ಲಿಗೆ ತಲುಪಿ ತಂದದ್ದು ಇಷ್ಟು: ನಾಲ್ಕು ಪಕ್ಕೆಲುಬು, ತೋಳಿನ ಮೂಳೆ ಒಂದು, ಸೊಂಟದ ಮೂಳೆ ಒಂದು, ಹಾರಾಟದ ಉಡುಪಿನ ಚಿಂದಿ, ಪ್ಯಾರಾಚೂಟಿನ ತುಂಡು, ಒಬ್ಬರಿಗಷ್ಟೇ ಸಾಲುವ ರಬ್ಬರ್ ತೆಪ್ಪ. ಜೊತೆಗೊಂದು ಪರ್ಸು, ಅದರಲ್ಲಿ ಬ್ಲಾಸಿಯ ಗುರುತಿನ ಚೀಟಿ. ಪರ್ಸು, ಚೀಟಿ ಎರಡೂ ಕೈಯಿಂದ ಕೈಗೆ ಹೋಗುವಾಗ ಎಲ್ಲೋ ಮಾಯವಾದವು.

ಮೂಳೆಗಳು ಕೊನೆಗೆ ಹವಾಯಿಯ ಸೇನಾ ಪ್ರಯೋಗಾಲಯ ಸೇರಿದವು. ಪೆಟ್ಟಿಗೆಯ ಮೇಲೆ ‘ಬ್ಲಾಸಿಯದೆಂದು ನಂಬಲಾಗಿದೆ’ ಎಂಬ ಒಕ್ಕಣೆ ಇತ್ತು. ಆ ಕಾಲದ ತಜ್ಞರು ಮೂಳೆ ಅಳೆದು ವಯಸ್ಸು, ಎತ್ತರ ಲೆಕ್ಕ ಹಾಕಿದರು. ಬಟ್ಟೆಗೆ ಅಂಟಿದ್ದ ಕೂದಲಿನಿಂದ ರಕ್ತದ ಗುಂಪು ಹೇಳಿದರು. ಯಾವುದೂ ಬ್ಲಾಸಿಗೆ ಹೊಂದಲಿಲ್ಲ. 1980ರಲ್ಲಿ ಅವನ ಹೆಸರು ಹೊಡೆದುಹಾಕಿ ‘ಎಕ್ಸ್-26’ ಎಂದು ಬರೆದರು. ಆರು ಮೂಳೆಗಳಿಂದ ಹಾಕಿದ ಅಂದಾಜನ್ನು ಅಂದಾಜೆಂದೇ ಇಟ್ಟುಕೊಂಡಿದ್ದರೆ ತೊಂದರೆಯಿರಲಿಲ್ಲ, ಅದು ತೀರ್ಪಾಯಿತು. ಪಕ್ಕದಲ್ಲೇ ಇದ್ದ ತೆಪ್ಪವನ್ನು ಯಾರೂ ಸರಿಯಾಗಿ ಮಾತನಾಡಿಸಲಿಲ್ಲ. ಆ ಪರಿಸರದಲ್ಲಿ ಕಾಣೆಯಾಗಿದ್ದ ಹೆಲಿಕಾಪ್ಟರ್ ಸಿಬ್ಬಂದಿಯ ಬಳಿ ಅಂಥ ತೆಪ್ಪವೂ ಪ್ಯಾರಾಚೂಟೂ ಇರುವ ಸಂಭವ ಕಡಿಮೆ ಎಂದು ಹೇಳಲು ಮೂಳೆ ಶಾಸ್ತ್ರ ಬೇಕಿರಲಿಲ್ಲ. ಸೇಂಟ್ ಲೂಯಿಸ್‌ನಲ್ಲಿದ್ದ ಮನೆಯವರಿಗಂತೂ ಮೂಳೆ ಸಿಕ್ಕ ಸುದ್ದಿಯೇ ಮುಟ್ಟಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಅವಸರ ಹುಟ್ಟಿತ್ತು. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಸ್ಮಶಾನದಲ್ಲಿ ಅನಾಮಿಕ ಯೋಧರ ಸಮಾಧಿಯಿದೆ. ಹಿಂದಿನ ಯುದ್ಧಗಳಿಗೆ ಒಬ್ಬೊಬ್ಬರು ಸಿಕ್ಕಿದ್ದರು, ವಿಯೆಟ್ನಾಂನ ಗೂಡು ಮಾತ್ರ ಖಾಲಿ. ಗುರುತಿಲ್ಲದ ಯೋಧನೊಬ್ಬ ಬೇಕಾಗಿದ್ದ, ಎಕ್ಸ್-26 ಸಿಕ್ಕಿದ. 1984ರ ಮೇ 28ರಂದು ಅಧ್ಯಕ್ಷ ರೇಗನ್ ಸಮ್ಮುಖದಲ್ಲಿ ಅವನನ್ನು ಅಲ್ಲಿಟ್ಟರು, ದೇಶದ ಅತ್ಯುನ್ನತ ಶೌರ್ಯ ಪದಕವನ್ನೂ ಕೊಟ್ಟರು. ಯಾರೋ ಕೇಡು ಬಯಸಿ ಮಾಡಿದರೆಂದು ನಾನು ಹೇಳುವುದಿಲ್ಲ. ಆದರೆ ಗೌರವ ಸಲ್ಲಿಸುವ ಹಂಬಲವೂ ವಿಚಾರಣೆಯನ್ನು ಅರ್ಧಕ್ಕೆ ನಿಲ್ಲಿಸಬಲ್ಲದು.

ಬಾಗಿಲು ಮತ್ತೆ ತೆರೆದದ್ದು ಪತ್ರಕರ್ತರಿಂದ ಮತ್ತು ಮನೆಯವರ ಹಟದಿಂದ. ಕಡತಗಳು ಹೊರಬಂದವು. 1998ರ ಜನವರಿಯಲ್ಲಿ ಸಿಬಿಎಸ್ ವಾಹಿನಿ ಸುದ್ದಿ ಮಾಡಿತು, ಮೇ 14ರಂದು ಸಮಾಧಿ ತೆಗೆದರು. ಈಗ ಡಿಎನ್‌ಎ ಕಥೆ. ಜೀವಕೋಶದ ನಡುವಿನ ಡಿಎನ್‌ಎ ಹಳೆಯ ಮೂಳೆಯಲ್ಲಿ ಬೇಗ ನಾಶವಾಗುತ್ತದೆ. ಕೋಶದೊಳಗಿನ ಮೈಟೋಕಾಂಡ್ರಿಯಾದಲ್ಲಿ ಬೇರೆಯದೇ ಪುಟ್ಟ ಡಿಎನ್‌ಎ ಇದ್ದು, ಒಂದೊಂದು ಕೋಶದಲ್ಲೂ ಅದರ ನೂರಾರು ಪ್ರತಿಗಳಿರುವುದರಿಂದ ಒಂದಿಷ್ಟಾದರೂ ಉಳಿಯುತ್ತದೆ. ಅದು ಬರುವುದು ತಾಯಿಯಿಂದ ಮಾತ್ರ. ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ವಿವರಿಸಬೇಕಿಲ್ಲ: ಬಳಿ, ಅಂದರೆ ವಂಶ, ತಾಯಿಯದು; ಅಕ್ಕತಂಗಿಯರ ಮಕ್ಕಳು ಒಳಗಿನವರು, ಸ್ವಂತ ಮಗ ಹೊರಗಿನವನು. ಪ್ರಯೋಗಾಲಯದ ಲೆಕ್ಕವೂ ಹಾಗೆಯೇ. ಕಾಣೆಯಾದವನ ಮಗಳಿಂದ ಈ ಪರೀಕ್ಷೆಗೆ ಉಪಯೋಗವಿಲ್ಲ, ಅವನ ಅಕ್ಕನ ಮಗ ಬೇಕು. ಬ್ಲಾಸಿಯ ತಾಯಿ, ತಂಗಿ ರಕ್ತ ಕೊಟ್ಟರು; ಹೊಂದಿತು. ಜೂನ್ 30ರಂದು ಫಲಿತಾಂಶ ಪ್ರಕಟವಾಯಿತು, ಜುಲೈ 11ರಂದು ಅವನ ಊರಿನ ಸೇನಾ ಸ್ಮಶಾನದಲ್ಲಿ ಹೆಸರಿರುವ ಕಲ್ಲಿನಡಿ ಮಣ್ಣು ಮಾಡಿದರು.

ಇಲ್ಲೊಂದು ಎಚ್ಚರ. ಒಂದೇ ತಾಯಿಬಳಿಯನ್ನು ಸಂಬಂಧವೇ ಇಲ್ಲದ ಸಾವಿರಾರು ಜನ ಹಂಚಿಕೊಂಡಿರಬಹುದು. ಆದ್ದರಿಂದ ಈ ಪರೀಕ್ಷೆ ‘ಇವನಲ್ಲ’ ಎನ್ನುವಷ್ಟು ಗಟ್ಟಿಯಾಗಿ ‘ಇವನೇ’ ಎನ್ನಲಾರದು. ಬಿದ್ದ ಜಾಗ, ವಿಮಾನದ ಮಾದರಿ, ತೆಪ್ಪ, ಹಲ್ಲಿನ ದಾಖಲೆ ಎಲ್ಲ ಸೇರಿಯೇ ಹೆಸರು ನಿಲ್ಲಬೇಕು. ಕೊರಿಯಾ ಯುದ್ಧದ ಅನೇಕರನ್ನು ಗುರುತಿಸಿದ್ದು ಕ್ಷಯರೋಗ ಪತ್ತೆಗೆಂದು ತೆಗೆದಿದ್ದ ಎದೆಯ ಎಕ್ಸ್‌ರೇಗಳಿಂದ. ಅದರಲ್ಲಿ ಮೂಡಿದ ಕೊರಳೆಲುಬಿನ ಆಕಾರವನ್ನು ಸಿಕ್ಕ ಎಲುಬಿನೊಂದಿಗೆ ಹೋಲಿಸುತ್ತಾರೆ. ಆ ಹಳೆಯ ಫಿಲ್ಮುಗಳನ್ನು ರದ್ದಿಗೆ ಹಾಕದೆ ಇಟ್ಟ ಗುಮಾಸ್ತನಿಗೆ ಪದಕ ಕೊಡುವ ಪದ್ಧತಿ ಎಲ್ಲೂ ಇಲ್ಲ, ಇರಲಿ.

ಈ ಕೆಲಸ ನಮ್ಮ ನೆಲದಲ್ಲೂ ನಡೆದಿದೆ. ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಂನಿಂದ ಹಿಮಾಲಯ ದಾಟಿ ಚೀನಾಕ್ಕೆ ಸರಕು ಒಯ್ಯುತ್ತಿದ್ದ ಅಮೆರಿಕದ ವಿಮಾನಗಳು ನೂರಾರು ಸಂಖ್ಯೆಯಲ್ಲಿ ಬಿದ್ದವು. 1944ರ ಜನವರಿ 25ರಂದು ಚೀನಾದ ಕುನ್‌ಮಿಂಗ್‌ನಿಂದ ಅಸ್ಸಾಂನ ಚಾಬುವಾಕ್ಕೆ ಹೊರಟ ಬಿ-24 ಬಾಂಬರ್‌ನಲ್ಲಿ 8 ಮಂದಿಯಿದ್ದರು. ಅದರ ಅವಶೇಷ ಅರುಣಾಚಲದ ಬೆಟ್ಟದಲ್ಲಿ ಪತ್ತೆಯಾದದ್ದು 2006ರಲ್ಲಿ. ಅಮೆರಿಕದ ತಂಡ ಬಂದು ಅಗೆದದ್ದು 2015ರಲ್ಲಿ. ಇಂಥ ಕಡೆ ಕಡಿದಾದ ಇಳಿಜಾರಿಗೆ ಹಗ್ಗ ಕಟ್ಟಿ ಮಣ್ಣು ಬಗೆದು, ಬಕೆಟ್ಟಿನಲ್ಲಿ ಸಾಗಿಸಿ, ಜಾಲರಿಯಲ್ಲಿ ಜರಡಿ ಹಿಡಿಯುತ್ತಾರೆ. ಬೆರಳ ಗೆಣ್ಣಿನಷ್ಟು ಚೂರು ಸಿಕ್ಕರೂ ಅಂದಿನ ದಿನ ಸಾರ್ಥಕ. 2017ರ ಹೊತ್ತಿಗೆ 8 ಮಂದಿಯಲ್ಲಿ ಒಬ್ಬರ ಗುರುತು ಸಿಕ್ಕಿತು, ಅವರ ಅವಶೇಷ ಮನೆ ಸೇರಿತು.

ನಮ್ಮವರ ವಿಷಯ ಬಂದಾಗ ನೆನಪಾಗುವುದು ಕೊಡಗಿನ ಅಜ್ಜಮಾಡ ದೇವಯ್ಯನವರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ಮರಳಲಿಲ್ಲ. ಕಾಣೆಯಾದವರು ಎಂದಷ್ಟೇ ದಾಖಲಾಯಿತು. ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿದ್ದರೆಂಬುದು ವರ್ಷಗಳ ಮೇಲೆ, ಹೊರಗಿನವರು ಬರೆದ ಪುಸ್ತಕದಿಂದ ತಿಳಿಯಿತು. 1988ರಲ್ಲಿ ಮಹಾವೀರ ಚಕ್ರ ಬಂತು. ಹಳ್ಳಿಗರು ದೇಹವನ್ನು ಅಲ್ಲೇ ಹೊಲದಲ್ಲಿ ಹೂತರೆಂದು ಪಾಕಿಸ್ತಾನದ ಕಡೆಯವರು ಬರೆದಿದ್ದಾರೆ.

ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬ್ಲಾಸಿಯ ಮನೆಯವರಿಗೆ ಮೂಳೆ ಸಿಕ್ಕಿತು. ಅನಾಮಿಕನಿಗೆ ಕೊಟ್ಟ ಪದಕವನ್ನು ಅವನ ಹೆಸರಿಗೆ ಮಾಡಿಕೊಡಿ ಎಂದು ಕೇಳಿದಾಗ ಅದು ಸಂಕೇತಕ್ಕೆ ಸಂದದ್ದು, ವ್ಯಕ್ತಿಗಲ್ಲ ಎಂಬ ಉತ್ತರ ಬಂತು. ದೇವಯ್ಯನವರ ಮನೆಗೆ ಪದಕ ಬಂತು, ಮೂಳೆ ಬರಲಿಲ್ಲ. ಸರ್ಗೋಧಾದ ಹೊಲ ಎಂದಾದರೊಂದು ದಿನ ಅಗೆಯಲು ಸಿಕ್ಕರೆ ಕೇಳುವ ಮೊದಲ ಪ್ರಶ್ನೆ ತಾಯಿಯ ಕಡೆಯವರು ಯಾರಿದ್ದಾರೆ ಎಂಬುದು. 1965ರ ಯುದ್ಧದಲ್ಲಾಗಲಿ 1971ರ ಯುದ್ಧದಲ್ಲಾಗಲಿ ಕಾಣೆಯಾದವರ ಅಕ್ಕತಂಗಿಯರು ಈಗ ಎಂಬತ್ತರ ಆಸುಪಾಸಿನವರು. ರಾಜತಾಂತ್ರಿಕ ಒಪ್ಪಿಗೆಗಳು ಆದಾಗ ಆಗಲಿ. ಅವರ ರಕ್ತದ ಮಾದರಿಯನ್ನು ತೆಗೆದಿಡಲು ಯಾವ ನೆರೆರಾಷ್ಟ್ರದ ಅನುಮತಿಯೂ ಬೇಕಿಲ್ಲ.